ಸುಂಕದಿಂದ ಜಿ.ಎಸ್.ಟಿ.ಯವರೆಗೆ: ರಾಮನಗರ ಸೀಮೆಯ ಪೇಟೆಗಳ ಆದಾಯ ಮತ್ತು ಅಭಿವೃದ್ಧಿ

ಕನ್ನಡ ನಾಡಿನ ಶಾಸನಗಳಲ್ಲಿ ಸುಂಕದ ಪ್ರಸ್ತಾಪ ಬಂದ ಕಡೆ ಬಹುಮಟ್ಟಿಗೆ ದತ್ತಿಯ ಪ್ರಸ್ತಾಪವೂ ಇರುತ್ತದೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ತೆರಿಗೆಗಳ ಹೆಸರುಗಳು ಇಂದಿಗೂ ತಿಳಿದಿರುವುದು ಅವುಗಳ ಉತ್ಪನ್ನದ ಒಂದಂಶವನ್ನು ಬಸದಿಗೋ ದೇಗುಲಕ್ಕೋ ಕೆರೆಗೋ ಬಿಟ್ಟುಕೊಟ್ಟ ಸಂಗತಿಯನ್ನು ಕಲ್ಲಿನಲ್ಲಿ ಕಂಡರಿಸಿದ್ದರಿಂದ. ಶ್ರವಣಬೆಳಗೊಳದ ನಗರಜಿನಾಲಯ ಇದಕ್ಕೆ ಉತ್ತಮ ನಿದರ್ಶನ. 12ನೆಯ ಶತಮಾನದ ಕೊನೆಯಲ್ಲಿ, ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ, ಪಟ್ಟಣಸ್ವಾಮಿ ನಾಗದೇವನು ಕಟ್ಟಿಸಿದ ಈ ಬಸದಿಯ ಜೀರ್ಣೋದ್ಧಾರಕ್ಕೆಂದು ಬೆಳಗೊಳ ಮತ್ತು ಜಿನನಾಥಪುರದ ರತ್ನವರ್ತಕರು ಮುಂದೆ ತಮ್ಮೊಳಗೇ ಒಡಂಬಟ್ಟು, ವ್ಯವಹಾರದ ನೂರು ಗದ್ಯಾಣಕ್ಕೆ ಒಂದು ಗದ್ಯಾಣವನ್ನು ಕೊಡಲು ನಿಶ್ಚಯಿಸಿದರು. ತೆರುವವರು, ತೆರುವ ಪ್ರಮಾಣ, ವೆಚ್ಚದ ಉದ್ದೇಶ ಈ ಮೂರೂ ಒಂದೇ ಶಾಸನದಲ್ಲಿ ದಾಖಲಾದವು.

ಊರಿನ ವ್ಯಾಪಾರದಿಂದ ಬಂದ ಹಣವು ಊರಿನ ಕೆಲಸಕ್ಕೆ ಸಲ್ಲುವ ಈ ಸಂಬಂಧವು ಮುಂದೆ ಏನಾಯಿತು ಎಂಬುದನ್ನು ತಿಳಿಯಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆ ಉಚಿತವಾದ ಕ್ಷೇತ್ರ. ಯಲಹಂಕ ನಾಡಪ್ರಭುಗಳು 1638ರಲ್ಲಿ ಬೆಂಗಳೂರನ್ನು ಬಿಜಾಪುರದ ಸೇನೆಗೆ ಬಿಟ್ಟುಕೊಟ್ಟ ಬಳಿಕ ಮಾಗಡಿಯನ್ನು ನೆಲೆಯಾಗಿಸಿಕೊಂಡರು. ಚನ್ನಪಟ್ಟಣ ಜಗದೇವರಾಯನ ರಾಜಧಾನಿಯಾಗಿದ್ದು 1630ರಲ್ಲಿ ಮೈಸೂರಿನ ವಶವಾಯಿತು. ರಾಮನಗರವು ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. 1800ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಗಾಜಿನ ಕೆಲಸ, ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿ, ಸಕ್ಕರೆಗಳನ್ನು ವರ್ಣಿಸಿದ್ದಾನೆ. ಹೀಗೆ ಈ ಸೀಮೆಯ ಪೇಟೆಗಳು ಕೋಟೆಯ ಆಶ್ರಯದಲ್ಲಿಯೂ ಹೆದ್ದಾರಿಯ ಬದಿಯಲ್ಲಿಯೂ ವ್ಯಾಪಾರವನ್ನು ನಂಬಿ ಬೆಳೆದವು.

ಆ ಹಳೆಯ ಕ್ರಮವನ್ನು ಆದರ್ಶವೆಂದು ಎತ್ತಿಹಿಡಿಯಬೇಕಾಗಿಲ್ಲ. ಒಂದೇ ಹೇರಿಗೆ ದಾರಿಯುದ್ದಕ್ಕೂ ಮತ್ತೆ ಮತ್ತೆ ಸುಂಕ ತೆರಬೇಕಾಗಿತ್ತು; ವೆಚ್ಚದ ನಿರ್ಣಯ ಪ್ರಭುವಿನದೋ ಹಿರಿಯ ವರ್ತಕರದೋ ಆಗಿತ್ತು. 19ನೆಯ ಶತಮಾನದಲ್ಲಿ ಮಾರ್ಕ್ ಕಬ್ಬನ್ನನ ಆಡಳಿತ ನೂರಾರು ಸಣ್ಣಪುಟ್ಟ ತೆರಿಗೆಗಳನ್ನು ರದ್ದುಪಡಿಸಿದ್ದು ವರ್ತಕರ ಪಾಲಿಗೆ ದೊಡ್ಡ ಬಿಡುಗಡೆ.

ಆಧುನಿಕ ಮಾರಾಟ ತೆರಿಗೆ ಮೈಸೂರು ಸಂಸ್ಥಾನಕ್ಕೆ 1948ರ ಅಧಿನಿಯಮದಿಂದ ಬಂದಿತು. ಏಕೀಕರಣದ ನಂತರ 1957ರ ಅಧಿನಿಯಮ ಅದರ ಸ್ಥಾನವನ್ನು ಪಡೆಯಿತು. ಈ ತೆರಿಗೆ ಮೊದಲಿನಿಂದಲೂ ರಾಜ್ಯದ ಬೊಕ್ಕಸದ್ದು. ಪುರಸಭೆಗಳ ಕೈಯಲ್ಲಿ ಉಳಿದಿದ್ದುದು ಊರೊಳಕ್ಕೆ ಬರುವ ಸರಕಿನ ಮೇಲಿನ ಆಕ್ಟ್ರಾಯ್. ಹಳೆಯ ಸುಂಕದ ಕೊನೆಯ ವಾರಸುದಾರನೆಂದರೆ ಅದೇ. 1979ರಲ್ಲಿ ಅದು ರದ್ದಾಗಿ ರಾಜ್ಯವೇ ವಿಧಿಸುವ ಪ್ರವೇಶ ತೆರಿಗೆ ಜಾರಿಗೆ ಬಂದಿತು. ನಾಕಾಗಳ ಮುಂದೆ ಬಂಡಿಗಳು ಕಾಯುವುದು ತಪ್ಪಿತು. ಆದರೆ ಪೇಟೆ ಬೆಳೆದಷ್ಟೂ ತಾನೂ ಬೆಳೆಯುತ್ತಿದ್ದ ಸ್ವಂತ ಆದಾಯ ಪುರಸಭೆಗಳಿಗೆ ತಪ್ಪಿಹೋಯಿತು. 2005ರಲ್ಲಿ ಮೌಲ್ಯವರ್ಧಿತ ತೆರಿಗೆ, 2017ರ ಜುಲೈ 1ರಂದು ಜಿ.ಎಸ್.ಟಿ. ಬಂದವು. ಅದಕ್ಕೆ ದಾರಿ ಮಾಡಿದ ಸಂವಿಧಾನದ 101ನೆಯ ತಿದ್ದುಪಡಿ ಪ್ರವೇಶ ತೆರಿಗೆಯ ಅಧಿಕಾರವನ್ನೇ ರಾಜ್ಯಪಟ್ಟಿಯಿಂದ ತೆಗೆದುಹಾಕಿತು.

ಇಂದು ರಾಮನಗರದ ಅಂಗಡಿಯಲ್ಲಿ ಸಂಗ್ರಹವಾದ ಜಿ.ಎಸ್.ಟಿ. ಕೇಂದ್ರ ಮತ್ತು ರಾಜ್ಯಗಳ ನಿಧಿಗೆ ಸೇರುತ್ತದೆ. ನಗರಸಭೆಯ ಆಯವ್ಯಯದಲ್ಲಿ ಅದು ತನ್ನ ಹೆಸರಿನಿಂದ ಕಾಣಿಸಿಕೊಳ್ಳುವುದಿಲ್ಲ. ಹಣಕಾಸು ಆಯೋಗಗಳ ಶಿಫಾರಸಿನಂತೆ ಅನುದಾನವಾಗಿ ಹಿಂದಿರುಗುತ್ತದೆ. ಅನುದಾನದ ಪ್ರಮಾಣಕ್ಕೂ ಊರಿನ ಮಾರಾಟಕ್ಕೂ ನೇರ ಸಂಬಂಧವಿಲ್ಲ. 2021ರಿಂದ 2026ರವರೆಗಿನ ಅವಧಿಗೆ 15ನೆಯ ಹಣಕಾಸು ಆಯೋಗವು ಇಂತಹ ಚಿಕ್ಕ ನಗರಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದದ್ದು, ಉಳಿದ ಶೇ. 40ರಲ್ಲಿ ಮಾತ್ರ ಸ್ಥಳೀಯ ಆಯ್ಕೆಗೆ ಅವಕಾಶ. ನಗರಸಭೆಯು ತಾನೇ ಎತ್ತುವ ಹಣವೆಂದರೆ ಮುಖ್ಯವಾಗಿ ಆಸ್ತಿ ತೆರಿಗೆ, ನೀರಿನ ಶುಲ್ಕ, ಪರವಾನಗಿ ಶುಲ್ಕ ಮತ್ತು ಮಳಿಗೆಗಳ ಬಾಡಿಗೆ.

ಆದರೂ ಅನುದಾನದ ಪದ್ಧತಿಯನ್ನು ಅನ್ಯಾಯವೆಂದು ತಳ್ಳಿಹಾಕುವಂತಿಲ್ಲವೆಂಬುದಕ್ಕೆ ರಾಮನಗರವೇ ಸಾಕ್ಷಿ. ಈ ಊರಿನ ಕೀರ್ತಿಗೆ ಕಾರಣವಾದ ರೇಷ್ಮೆಗೂಡಿಗೂ ಕಚ್ಚಾ ರೇಷ್ಮೆಗೂ ಜಿ.ಎಸ್.ಟಿ. ಇಲ್ಲ. ತೆರಿಗೆ ಹುಟ್ಟಿದ ಊರಿಗೇ ಹಿಂದಿರುಗಬೇಕೆಂಬ ನಿಯಮ ಬಂದರೆ, ಗೂಡಿನ ಮಾರುಕಟ್ಟೆಯ ಅಪಾರ ವಹಿವಾಟಿನಿಂದ ನಗರಸಭೆಗೆ ಏನೂ ದೊರೆಯದು. ಸೀರೆ ಮಾರುವ ಮಹಾನಗರಕ್ಕೆ ಲಾಭವಾದೀತು. ಗೂಡು ಬೆಳೆಯುವ ಕನಕಪುರ, ಮಾಗಡಿಗಳ ರೈತನ ಶ್ರಮದ ಮೌಲ್ಯವು ತೆರಿಗೆಯ ರೂಪ ತಾಳುವುದು ಬೇರೊಂದು ಊರಿನಲ್ಲಿ. ಆ ಅಂತರವನ್ನು ತುಂಬಬಲ್ಲದ್ದು ರಾಜ್ಯದ ಹಂಚಿಕೆಯೊಂದೇ.

ಹೀಗಾಗಿ ಬೆಳಗೊಳದ ವರ್ತಕರಿಂದ ಕಲಿಯಬೇಕಾದದ್ದು ತೆರಿಗೆಯನ್ನು ಊರಲ್ಲೇ ಉಳಿಸಿಕೊಳ್ಳುವ ಕ್ರಮವನ್ನಲ್ಲ, ಅದರ ಉದ್ದೇಶವನ್ನು ಎಲ್ಲರಿಗೂ ಕಾಣುವಂತೆ ಬರೆದಿಡುವ ಕ್ರಮವನ್ನು. 74ನೆಯ ತಿದ್ದುಪಡಿ ನಗರಗಳಿಗೆ ಚುನಾಯಿತ ಸಭೆಯನ್ನು ಕೊಟ್ಟಿದೆ. ಆಯವ್ಯಯವನ್ನು ಅಂಗೀಕರಿಸುವ ಅಧಿಕಾರ ಆ ಸಭೆಯದು. ಬಂದ ಅನುದಾನವೆಷ್ಟು, ಅದರಲ್ಲಿ ಯಾವ ಬೀದಿಯ ಚರಂಡಿಗೆ, ಯಾವ ಬಡಾವಣೆಯ ನೀರಿಗೆ ಎಷ್ಟು ಎಂಬುದನ್ನು ಓದಿದವರೆಲ್ಲರಿಗೂ ತಿಳಿಯುವ ಕನ್ನಡದಲ್ಲಿ ನಗರಸಭೆಯ ಬಾಗಿಲಲ್ಲೇ ಬರೆದು ನಿಲ್ಲಿಸುವುದಕ್ಕೆ ಯಾವ ಹಣಕಾಸು ಆಯೋಗದ ಅಪ್ಪಣೆಯೂ ಬೇಕಿಲ್ಲ.