ಪುಣೆಯ ಥೀಮ್ ಹೋಟೆಲ್‌ಗಳು: ಊಟದ ಜೊತೆ ಆಟ, ಕುಣಿತ, ಮನೆಮಂದಿಯೆಲ್ಲ ಹೋಗುವ ಮುನ್ನ ತಿಳಿಯಬೇಕಾದ್ದು

ಪುಣೆ: ಶನಿವಾರ ಸಂಜೆ ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಕಡೆ ಹೋಗುವ ಹೆದ್ದಾರಿಯಲ್ಲಿ ವಾಹನಗಳ ಸಾಲು ನಿಧಾನವಾಗಿ ತೆವಳುತ್ತದೆ. ಅಜ್ಜಿ, ಮೊಮ್ಮಕ್ಕಳು, ಊರಿಂದ ಬಂದ ನೆಂಟರನ್ನು ತುಂಬಿಕೊಂಡ ಕಾರುಗಳಲ್ಲಿ ಹಲವು ವಾಘೋಲಿ ಬಳಿ ಹೆದ್ದಾರಿ ಬಿಟ್ಟು ತಿರುಗುತ್ತವೆ. ಅಲ್ಲಿರುವುದು 'ಚೋಖಿ ಢಾಣಿ'. ಹೆಸರಿಗೆ ಹೋಟೆಲ್, ಒಳಗೆ ಹೋದರೆ ರಾಜಸ್ಥಾನದ ಒಂದು ಹಳ್ಳಿ.

ಪುಣೆಯಲ್ಲಿ ಕೆಲಸಕ್ಕಿರುವ ಕನ್ನಡಿಗರ ಸಂಖ್ಯೆ ಕಡಿಮೆಯೇನಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಊರಿಂದ ಅಪ್ಪ-ಅಮ್ಮ ಬಂದಾಗ ಶನಿವಾರವಾಡೆ, ದಗಡೂಶೇಟ್ ಗಣಪತಿ, ಸಿಂಹಗಡ ಆದ ಮೇಲೆ 'ರಾತ್ರಿ ಊಟಕ್ಕೆ ಎಲ್ಲಿಗೆ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಪ್ರಶ್ನೆಗೆ ಈಗ ಥೀಮ್ ಹೋಟೆಲ್‌ಗಳೇ ಮೊದಲ ಉತ್ತರ. ಆದರೆ ಒಂದು ಕುಟುಂಬದ ಸಂಜೆಗೆ ಇಲ್ಲಿ ಖರ್ಚಾಗುವ ಹಣ ಸಣ್ಣದಲ್ಲ. ಕೊಟ್ಟ ಹಣಕ್ಕೆ ಸಿಗುವುದೇನು, ಬಿಲ್ಲಿನಲ್ಲಿ ಯಾವುದನ್ನು ಕಟ್ಟಬೇಕು, ಯಾವುದನ್ನು ಕಟ್ಟಬೇಕಿಲ್ಲ ಎಂಬುದು ಗೊತ್ತಿದ್ದರೆ ಒಳ್ಳೆಯದು.

ಏನಿದು ಥೀಮ್ ಹೋಟೆಲ್?

ಅಡುಗೆಯಷ್ಟೇ ಅಲ್ಲದೆ, ಕೂರುವ ಜಾಗ, ಬಡಿಸುವವರ ಉಡುಪು, ಗೋಡೆ, ಹಾಡು ಎಲ್ಲವನ್ನೂ ಒಂದೇ ಕಲ್ಪನೆಯ ಸುತ್ತ ಕಟ್ಟಿದ ಹೋಟೆಲ್‌ಗೆ ಈ ಹೆಸರು. ಇದು ಹೊಸದೇನಲ್ಲ. 1890ರ ದಶಕದ ಪ್ಯಾರಿಸ್‌ನಲ್ಲೇ ಶವಪೆಟ್ಟಿಗೆಯನ್ನು ಮೇಜು ಮಾಡಿ ಪಾನೀಯ ಕೊಡುತ್ತಿದ್ದ ಕೆಫೆಯೊಂದಿತ್ತು. 1971ರಲ್ಲಿ ಲಂಡನ್‌ನಲ್ಲಿ ಹಾರ್ಡ್ ರಾಕ್ ಕೆಫೆ ಶುರುವಾಯಿತು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಡಿಯೊ ಗೇಮ್ ಕಂಪನಿ ಅಟಾರಿಯ ನೋಲನ್ ಬುಶ್‌ನೆಲ್, ಪಿಜ್ಜಾ ಬರುವ ತನಕ ಮಕ್ಕಳು ಆಟದ ಯಂತ್ರಗಳಲ್ಲಿ ಮುಳುಗಿರಲಿ ಎಂಬ ಲೆಕ್ಕಾಚಾರದಲ್ಲಿ 'ಚಕ್ ಇ. ಚೀಸ್' ತೆರೆದರು. ಮಕ್ಕಳನ್ನು ಒಲಿಸಿಕೊಂಡರೆ ಇಡೀ ಕುಟುಂಬವೇ ಬರುತ್ತದೆ ಎಂಬ ಅವರ ಸೂತ್ರವನ್ನು ಇವತ್ತಿಗೂ ಯಾರೂ ಬಿಟ್ಟಿಲ್ಲ.

ಬೆಂಗಳೂರಿನವರಿಗೆ ಜಯನಗರದ 'ಗುಫಾ' ನೆನಪಿರಬಹುದು. ಅದರ ಒಳಾಂಗಣ ಕಲ್ಲಿನ ಗುಹೆಯಂತೆ. 2019ರಲ್ಲಿ ಇಂದಿರಾನಗರದಲ್ಲಿ ರೋಬೋಗಳೇ ತಿಂಡಿ ತಂದಿಡುವ ಹೋಟೆಲ್ ಬಂದಾಗ ತಟ್ಟೆಯಲ್ಲಿ ಏನಿದೆ ಎಂದು ನೋಡಿದವರಿಗಿಂತ ರೋಬೋ ಜೊತೆ ಸೆಲ್ಫಿ ತೆಗೆದುಕೊಂಡವರೇ ಜಾಸ್ತಿ. ರಾಮನಗರದ ಜಾನಪದ ಲೋಕದ ಪಕ್ಕದಲ್ಲಿರುವ ಕಾಮತ್ ಲೋಕರುಚಿಯಲ್ಲಿ ಜೋಳದ ರೊಟ್ಟಿ ಊಟಕ್ಕೆ ಕುಳಿತವರಿಗೂ ಈ ಕಲ್ಪನೆ ಅಪರಿಚಿತವಲ್ಲ.

'ಫ್ಯಾಮಿಲಿ ರೂಮ್' ಬೋರ್ಡಿನ ಕಾಲ

ಪುಣೆಗೆ ಹೊರಗೆ ಕುಟುಂಬ ಸಮೇತ ಊಟ ಮಾಡುವ ರೂಢಿ ತಂದವರಲ್ಲಿ ಕರಾವಳಿ ಕನ್ನಡಿಗರ ಪಾಲು ದೊಡ್ಡದು. ಒಂದು ಕಾಲಕ್ಕೆ ಇಲ್ಲಿನ ಖಾನಾವಳಿಗಳು ಒಂಟಿ ಗಂಡಸರಿಗೆ, ಓದಲು ಬಂದ ಹುಡುಗರಿಗೆ. ಇರಾನಿ ಕೆಫೆಗಳಲ್ಲಿ ಚಹಾ, ಬನ್ ಮಸ್ಕಾ, ಹರಟೆ. ಹೆಂಗಸರು, ಮಕ್ಕಳು ಹೋಟೆಲ್ ಮೆಟ್ಟಿಲು ಹತ್ತುವುದು ಮರ್ಯಾದಸ್ತರ ಲಕ್ಷಣವಲ್ಲ ಎಂದೇ ಅನೇಕ ಮನೆಗಳಲ್ಲಿ ನಂಬಿದ್ದರು. ಆ ಸಂಕೋಚ ಕಳೆಯಲೆಂದೇ ಉಡುಪಿ ಹೋಟೆಲ್‌ಗಳು ಮರದ ಹಲಗೆ ಅಡ್ಡ ಇಟ್ಟು, ಪರದೆ ಕಟ್ಟಿ 'ಫ್ಯಾಮಿಲಿ ರೂಮ್' ಮಾಡಿದವು. ಶುದ್ಧ ಸಸ್ಯಾಹಾರ, ತೊಳೆದ ನೆಲ, ಕೈಗೆಟುಕುವ ದರ. ಕುಟುಂಬಕ್ಕೆ ಬೇಕಾದ ಭರವಸೆ ಅಷ್ಟೇ ಆಗಿತ್ತು.

ಫರ್ಗ್ಯುಸನ್ ಕಾಲೇಜು ರಸ್ತೆಯ 'ವೈಶಾಲಿ' ಮತ್ತು 'ರೂಪಾಲಿ' ಆ ಪರಂಪರೆಯ ಹೆಸರುಗಳು. ಕರ್ನಾಟಕ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟಿ 1950ರ ದಶಕದ ಆರಂಭದಲ್ಲಿ ಕಟ್ಟಿದ ಈ ಹೋಟೆಲ್‌ಗಳಿಗೆ ಮೊದಲು ಮದ್ರಾಸ್ ಎಂಬ ಪದವಿದ್ದ ಹೆಸರುಗಳಿದ್ದವು. ಮೂರು ತಲೆಮಾರಿನ ವಿದ್ಯಾರ್ಥಿಗಳು ಇಲ್ಲಿ ದೋಸೆ, ಎಸ್‌ಪಿಡಿಪಿ (ಸೇವ್ ಪೊಟ್ಯಾಟೊ ದಹಿ ಪೂರಿ) ತಿಂದು ಬೆಳೆದಿದ್ದಾರೆ. 2023ರ ನವೆಂಬರ್‌ನಲ್ಲಿ ಶೆಟ್ಟರು ತೀರಿಕೊಂಡಾಗ ಮರಾಠಿ ಪತ್ರಿಕೆಗಳು ಅದನ್ನು ನಗರದ ಸುದ್ದಿಯಾಗಿಯೇ ಬರೆದವು. ಅಲ್ಲಿ ಥೀಮ್ ಎಂಬುದೇನೂ ಇರಲಿಲ್ಲ, ಈಗಲೂ ಇಲ್ಲ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಹೆಸರು ಬರೆಸಿ ಕಾಯುವ ಜನರಂತೂ ಕಡಿಮೆಯಾಗಿಲ್ಲ.

ವಾಘೋಲಿಯ ರಾಜಸ್ಥಾನ

ಚೋಖಿ ಎಂದರೆ ಚೆಂದದ, ಢಾಣಿ ಎಂದರೆ ನಾಲ್ಕಾರು ಮನೆಗಳ ಪುಟ್ಟ ಊರು; ನಮ್ಮ ಹಟ್ಟಿ ಎನ್ನಬಹುದು. 1990ರ ಆಸುಪಾಸಿನಲ್ಲಿ ಜೈಪುರದ ಟೋಂಕ್ ರಸ್ತೆಯಲ್ಲಿ ಶುರುವಾದ ಈ ಕಲ್ಪನೆ ಆಮೇಲೆ ಬೇರೆ ನಗರಗಳಿಗೂ ಹರಡಿತು. ಪುಣೆಯದು ಅದರದೇ ಕೊಂಬೆ.

ಇಲ್ಲಿ ಮೊದಲು ಟಿಕೆಟ್, ಆಮೇಲೆ ಊಟ. ತಲೆಗಿಷ್ಟು ಎಂದು ಪ್ರವೇಶ ದರ ಕೊಟ್ಟರೆ ಅದರಲ್ಲಿ ರಾತ್ರಿಯೂಟವೂ, ಹೆಚ್ಚಿನ ಆಟ-ಪ್ರದರ್ಶನಗಳೂ ಸೇರಿರುತ್ತವೆ. 'ರಾಮ್ ರಾಮ್ ಸಾ' ಎಂದು ಹಣೆಗೆ ತಿಲಕವಿಟ್ಟು ಒಳಗೆ ಕರೆದುಕೊಳ್ಳುತ್ತಾರೆ. ಮಣ್ಣು ಮೆತ್ತಿದ ಗೋಡೆಗಳು, ಲಾಟೀನು, ಒಂಟೆ ಸವಾರಿ, ಜಾದೂ, ಬೊಂಬೆಯಾಟ, ತಲೆಯ ಮೇಲೆ ಮಡಕೆಗಳನ್ನು ಪೇರಿಸಿಕೊಂಡು ಕುಣಿಯುವ ಹೆಂಗಸರು. ಸುತ್ತಾಡಿ ದಣಿದ ಮೇಲೆ ನೆಲದ ಮೇಲೆ ಕೂತು, ಎದುರಿನ ಗಿಡ್ಡ ಮಣೆಯ ಮೇಲಿನ ಎಲೆಯಲ್ಲಿ ಊಟ. ದಾಲ್, ಬಾಟಿ, ಚೂರ್ಮಾ, ಗಟ್ಟೆ ಪಲ್ಯ, ತುಪ್ಪ-ಬೆಲ್ಲ ಹಚ್ಚಿದ ಸಜ್ಜೆ ರೊಟ್ಟಿ. ಬೇಡ ಎಂದರೂ ಮತ್ತೊಂದು ಚಮಚ ತುಪ್ಪ ಸುರಿಯುವ ಒತ್ತಾಯಕ್ಕೆ ರಾಜಸ್ಥಾನದಲ್ಲಿ 'ಮನುಹಾರ್' ಎನ್ನುತ್ತಾರೆ. ನಮ್ಮ ಮದುವೆ ಮನೆಯ ಉಪಚಾರವೇ ಅದು. ಮೊಣಕಾಲು ನೋವಿನ ಹಿರಿಯರಿದ್ದರೆ ಮೇಜು-ಕುರ್ಚಿ ವ್ಯವಸ್ಥೆ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿಕೊಳ್ಳುವುದು ಮೇಲು.

ಹಿಂಜವಡಿಯಲ್ಲಿ ಇರುವವರು ಇನ್ನೊಂದನ್ನು ಯೋಚಿಸಬೇಕು. ಅದು ನಗರದ ಪಶ್ಚಿಮ ತುದಿ, ವಾಘೋಲಿ ಪೂರ್ವ ತುದಿ. ಶನಿವಾರ ಸಂಜೆ ಇಡೀ ಪುಣೆಯನ್ನು ದಾಟುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಾರೆ. ಬೇಗ ಹೊರಟರೆ ಮಾತ್ರ ಕೊಟ್ಟ ಟಿಕೆಟ್ಟಿಗೆ ಬೆಲೆ. ತಡವಾಗಿ ಹೋಗಿ ಬರೀ ಊಟ ಮಾಡಿ ಬರುವುದಾದರೆ ಅದು ದುಬಾರಿ ಊಟ.

ಕುಣಿಯುವವರು ಯಾರು?

ಇಂಥ ಜಾಗಗಳಲ್ಲಿ ಸೆಲ್ಫಿ ನಡುವೆ ಮರೆತುಹೋಗುವ ಸಂಗತಿಯೊಂದಿದೆ. ಕಪ್ಪು ಲಂಗ ತೊಟ್ಟು ಬುಗುರಿಯಂತೆ ಸುತ್ತುವ ಕಾಲಬೇಲಿಯಾ ನೃತ್ಯ ಹಾವಾಡಿಗ ಸಮುದಾಯದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾವು ಹಿಡಿದು ಆಡಿಸುವುದಕ್ಕೆ ತಡೆ ಹಾಕಿದ ಮೇಲೆ, ಪುಂಗಿಯ ನಾದಕ್ಕೆ ಹಾವಿನ ಬದಲು ಮನೆಯ ಹೆಂಗಸರು ಬಳುಕಿದರು, ಕುಣಿತವೇ ದುಡಿಮೆಯಾಯಿತು. 2010ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕಟ್‌ಪುತಲಿ ಬೊಂಬೆಯಾಟವೂ ಹಾಗೆಯೇ. ನಾಗೌರ್ ಕಡೆಯ ಭಾಟ್ ಸಮುದಾಯದವರು ವೀರ ಅಮರಸಿಂಹ ರಾಠೋಡನ ಕಥೆಯನ್ನು ಊರೂರು ತಿರುಗಿ ರಾತ್ರಿಯಿಡೀ ಆಡಿಸುತ್ತಿದ್ದರು. ಹೋಟೆಲ್‌ನಲ್ಲಿ ಅದಕ್ಕೆ ಸಿಗುವುದು ಕೆಲವೇ ನಿಮಿಷ. ಮಕ್ಕಳು ಚಪ್ಪಾಳೆ ತಟ್ಟಿ ಮುಂದಿನ ಆಟಕ್ಕೆ ಓಡುತ್ತಾರೆ.

ಇದು ಕಲೆಯನ್ನು ಉಳಿಸುತ್ತದೆಯೋ ಕತ್ತರಿಸುತ್ತದೆಯೋ ಎಂಬ ವಾದಕ್ಕೆ ಕೊನೆಯಿಲ್ಲ. ಊರಿನ ಜಾತ್ರೆಗಳಲ್ಲಿ ಆಡಿಸುವವರಿಲ್ಲದ, ನೋಡುವವರೂ ಇಲ್ಲದ ಕಾಲದಲ್ಲಿ ದಿನವೂ ಪ್ರೇಕ್ಷಕರು ಸಿಗುವ ಜಾಗವೆಂದರೆ ಇದೇ ಎಂಬುದನ್ನು ಮಾತ್ರ ತಳ್ಳಿಹಾಕಲಾಗದು. ಐದು ನಿಮಿಷ ನಿಂತು ಪೂರ್ತಿ ನೋಡುವುದು ನೋಡುಗರ ಕೈಯಲ್ಲಿದೆ.

ಥಾಲಿ ಗೆದ್ದರೆ ಬುಲೆಟ್!

ಪುಣೆಯ ಹೋಟೆಲ್ ಲೋಕದ ಇನ್ನೊಂದು ಮುಖ ಪೈಪೋಟಿಯದು. ಕೊರೊನಾದಿಂದ ಗಿರಾಕಿಗಳೇ ಇಲ್ಲದಾಗಿದ್ದ 2021ರ ಜನವರಿಯಲ್ಲಿ ಹಳೇ ಮುಂಬೈ ಹೆದ್ದಾರಿಯ ವಡಗಾಂವ್ ಮಾವಳದ 'ಶಿವರಾಜ್' ಹೋಟೆಲ್ ಒಂದು ಸವಾಲು ಹಾಕಿತು. ಸುಮಾರು 4 ಕೆ.ಜಿ. ತೂಕದ, ಮಟನ್-ಮೀನಿನ ಹನ್ನೆರಡು ಬಗೆಯ ಖಾದ್ಯಗಳಿದ್ದ ಥಾಲಿಯನ್ನು ಒಬ್ಬರೇ 60 ನಿಮಿಷದಲ್ಲಿ ಖಾಲಿ ಮಾಡಿದರೆ ರಾಯಲ್ ಎನ್‌ಫೀಲ್ಡ್ ಬುಲೆಟ್ ಬಹುಮಾನ. ಥಾಲಿ ಬೆಲೆ 2,500 ರೂಪಾಯಿ, ಬೈಕಿನದ್ದು ಒಂದೂವರೆ ಲಕ್ಷಕ್ಕೂ ಹೆಚ್ಚು. ದೇಶದೆಲ್ಲೆಡೆ ಸುದ್ದಿಯಾಗಿ ಹೋಟೆಲ್ ಮುಂದೆ ಜನ ಸೇರಿದರು. ಒಬ್ಬರು ಗೆದ್ದದ್ದೂ ಹೌದು. ನೋಡಲು ಮಜಾ, ಹೊಟ್ಟೆಗೆ ಸಜಾ.

ಇದಕ್ಕಿಂತ ಸೌಮ್ಯವಾದ ಗದ್ದಲ ಬೇಕಾದವರಿಗೆ ಬಾರ್ಬೆಕ್ಯೂ ನೇಷನ್‌ನಂಥ ಜಾಗಗಳಿವೆ. ಮೇಜಿನ ನಡುವೆಯೇ ಕೆಂಡ, ಅದರ ಮೇಲೆ ಕಡ್ಡಿಗೆ ಚುಚ್ಚಿದ ಪನೀರು. ಮೇಜಿನ ಮೇಲಿನ ಪುಟ್ಟ ಬಾವುಟವನ್ನು ಇಳಿಸುವ ತನಕ ತಂದು ಹಾಕುತ್ತಲೇ ಇರುತ್ತಾರೆ. ಹುಟ್ಟುಹಬ್ಬವಿದ್ದರೆ ಸಿಬ್ಬಂದಿಯೇ ಚಪ್ಪಾಳೆ ತಟ್ಟಿ ಹಾಡುತ್ತಾರೆ.

ಬಿಲ್ ಬಂದಾಗ ಗಮನಿಸಿ

ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತು. ಹೋಟೆಲ್ ಮಾಲೀಕರ ಸಂಘಗಳು ಅದನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟ್‌ಗೆ ಹೋದವು. 2025ರ ಮಾರ್ಚ್ 28ರಂದು ಹೈಕೋರ್ಟ್ ಆ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಆ ಸಾಲು ಕಂಡರೆ ತೆಗೆಯಿರಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಡಿಸಿದವರಿಗೆ ಕೈಯಾರೆ ಟಿಪ್ಸ್ ಕೊಡುವುದು ಬೇರೆ ವಿಷಯ, ಅದು ನಿಮ್ಮ ಮನಸ್ಸು.

ಜಿಎಸ್‌ಟಿ ಮಾತ್ರ ಕಟ್ಟಲೇಬೇಕು. ಸಾಮಾನ್ಯ ರೆಸ್ಟೋರೆಂಟ್‌ಗಳಲ್ಲಿ ಇದು ಶೇ 5. ದುಬಾರಿ ಬಾಡಿಗೆಯ ಕೋಣೆಗಳಿರುವ ದೊಡ್ಡ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್‌ಗಳಲ್ಲಿ ಶೇ 18. ಟಿಕೆಟ್ ಪದ್ಧತಿ ಇರುವಲ್ಲಿ ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ, ಮಕ್ಕಳ ದರ ವಯಸ್ಸಿನ ಮೇಲೋ ಎತ್ತರದ ಮೇಲೋ ಎಂದು ಮೊದಲೇ ಕೇಳಬೇಕು. ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರು ಎಂದು ಜಗಳಕ್ಕಿಳಿದರೆ ಪ್ರಯೋಜನವಿಲ್ಲ. ಕೂತು ತಿನ್ನುವ ಹೋಟೆಲ್‌ಗಳು ಹಾಗೆ ಮಾರಬಹುದೆಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಟಲಿ ಬೇಡ, ಸಾದಾ ನೀರು ಕೊಡಿ ಎಂದರೆ ಮುಗಿಯಿತು.

ಟಿಕೆಟ್ ಇಲ್ಲದ ಹಳ್ಳಿ

ಹಳ್ಳಿಯ ಊಟವೇ ಬೇಕು, ಅದರ ನಾಟಕ ಬೇಡ ಎನ್ನುವವರಿಗೆ ಪುಣೆಯ ಸುತ್ತ ಬೇರೆ ದಾರಿಗಳಿವೆ. ಸಿಂಹಗಡದ ಮೇಲೆ ಸುತ್ತಲಿನ ಊರಿನವರು ಹಾಕಿರುವ ಅಂಗಡಿಗಳಲ್ಲಿ ಪಿಠ್ಲ-ಭಾಕ್ರಿ ಸಿಗುತ್ತದೆ. ಉತ್ತರ ಕರ್ನಾಟಕದವರಿಗೆ ಅದು ಝುಣಕ-ರೊಟ್ಟಿಯೇ. ಜೊತೆಗೆ ಠೇಚಾ, ಹಸಿ ಈರುಳ್ಳಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಚಳಿಗಾಲದಲ್ಲಿ, ಡಿಸೆಂಬರ್‌ನಿಂದ ಫೆಬ್ರುವರಿ ತನಕ, ಹೊಲಗಳಲ್ಲಿ 'ಹುರ್ಡಾ ಪಾರ್ಟಿ' ನಡೆಯುತ್ತವೆ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿ ಜೊತೆ ತಿನ್ನುವುದು. ವಿಜಯಪುರ, ಗದಗ ಕಡೆಯವರು 'ಅರೆ, ಇದು ನಮ್ಮ ಸೀತನಿ' ಎನ್ನುತ್ತಾರೆ. 2005ರಲ್ಲಿ ಬಾರಾಮತಿ ಬಳಿ ಶುರುವಾದ ಕೃಷಿ ಪ್ರವಾಸೋದ್ಯಮ ಈಗ ಜಿಲ್ಲೆಯ ಹಲವು ರೈತರಿಗೆ ಎರಡನೇ ಆದಾಯ. ಇಲ್ಲಿ ಹಣ ನೇರವಾಗಿ ಹೊಲದವರ ಕೈ ಸೇರುತ್ತದೆ. ಎತ್ತಿನ ಗಾಡಿ ನಿಜವಾದ ಎತ್ತಿನದೇ, ಧೂಳೂ ನಿಜವಾದದ್ದೇ.

ಹುರ್ಡಾ ಪಾರ್ಟಿಗೆ ಹೋಗುವವರು ಒಂದೆರಡು ದಿನ ಮೊದಲೇ ಫೋನ್ ಮಾಡಿ ತಲೆ ಎಣಿಕೆ ಹೇಳಬೇಕು. ತೆನೆ ಕೊಯ್ಯುವುದು ಬರುವ ಜನರ ಲೆಕ್ಕ ನೋಡಿ. ಬೆಳಿಗ್ಗೆಯೇ ತಲುಪುವುದು ಒಳ್ಳೆಯದು. ಬಿಸಿಲೇರಿದ ಮೇಲೆ ಕೆಂಡದ ಮುಂದೆ ಕೂರುವುದು ಮಕ್ಕಳಿಗೆ ಕಷ್ಟ.