ಆರು ಪೆನ್ಸಿಗಾಗಿ ಅರವತ್ತೇಳು ರಾತ್ರಿ

ಹಣ ಕೊಟ್ಟು ನಾಟಕಕ್ಕೆ ಹೋದವರು ವೇದಿಕೆಗೆ ಬೆನ್ನು ತಿರುಗಿಸಿ ನಿಂತುಬಿಟ್ಟರೆ ಏನಾದೀತು? ಅದೂ ಒಂದು ದಿನವಲ್ಲ, ಎರಡು ದಿನವಲ್ಲ, ಹತ್ತಿರ ಹತ್ತಿರ ಮೂರು ತಿಂಗಳು? 1809ರಲ್ಲಿ ಲಂಡನ್ ನಗರದ ಕವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಹೀಗೆಯೇ ನಡೆಯಿತು. ಆ ವರ್ಷದ ಇಂಗ್ಲೆಂಡ್ ಎಂದರೆ ನಿಮ್ಮ ಚರಿತ್ರೆಯ ಪುಸ್ತಕದಲ್ಲಿ ನೆಪೋಲಿಯನ್ನನೊಡನೆ ನಡೆದ ಯುದ್ಧವಷ್ಟೇ ಇರುತ್ತದೆ. ಆದರೆ ಆ ಚಳಿಗಾಲದಲ್ಲಿ ಲಂಡನ್ನಿನ ಜನ ಟಿಕೆಟ್ಟಿನ ದರಕ್ಕಾಗಿಯೂ ಒಂದು ಯುದ್ಧ ಹೂಡಿದ್ದರು.

ಮೊದಲು ಹಿನ್ನೆಲೆ ತಿಳಿದುಕೊಳ್ಳಿ. ಎರಡನೆಯ ಚಾರ್ಲ್ಸ್ ದೊರೆ 1662ರಲ್ಲಿ ಇಬ್ಬರಿಗೆ ಮಾತ್ರ ನಾಟಕವಾಡಿಸುವ ಸನ್ನದು ಕೊಟ್ಟಿದ್ದ. ಆ ಸನ್ನದುಗಳು ಕೈಯಿಂದ ಕೈಗೆ ಬಂದು, ಲಂಡನ್ನಿನಲ್ಲಿ ಚಳಿಗಾಲದುದ್ದಕ್ಕೂ ಮಾತಿನ ನಾಟಕವಾಡುವ ಹಕ್ಕು ಡ್ರೂರಿ ಲೇನ್ ಮತ್ತು ಕವೆಂಟ್ ಗಾರ್ಡನ್ ಎಂಬ ಎರಡೇ ರಂಗಮಂದಿರಗಳಲ್ಲಿ ಉಳಿದಿತ್ತು. 1808ರ ಸೆಪ್ಟೆಂಬರ್ 20ರಂದು ಕವೆಂಟ್ ಗಾರ್ಡನ್ ಬೆಂಕಿಗೆ ಆಹುತಿಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಸಂಗೀತಗಾರ ಹ್ಯಾಂಡೆಲನ ಆರ್ಗನ್ ವಾದ್ಯವೂ ಬೂದಿಯಾಯಿತು. ಐದು ತಿಂಗಳು ಕಳೆದು ಕೆಲವೇ ದಿನಗಳಲ್ಲಿ, 1809ರ ಫೆಬ್ರವರಿ 24ರಂದು, ಡ್ರೂರಿ ಲೇನ್ ಕೂಡ ಸುಟ್ಟುಹೋಯಿತು. ಹಾಗಾಗಿ ಕವೆಂಟ್ ಗಾರ್ಡನ್ನಿನ ಹೊಸ ಕಟ್ಟಡ ಎದ್ದು ನಿಂತಾಗ ಅದಕ್ಕೆ ಸರಿಸಾಟಿಯಾದ ಇನ್ನೊಂದು ಮಂದಿರವೇ ಊರಿನಲ್ಲಿ ಇರಲಿಲ್ಲ. ದರ ಹೆಚ್ಚಿಸಿದರೆ ಜನ ಎಲ್ಲಿಗೆ ಹೋಗಬೇಕು?

ದರ ಹೆಚ್ಚಿತು. ವೇದಿಕೆಯ ಮುಂದಿನ ನೆಲಮಟ್ಟದ ಬೆಂಚುಗಳ ಭಾಗಕ್ಕೆ ಪಿಟ್ ಎನ್ನುತ್ತಿದ್ದರು. ಇದನ್ನು ನಮ್ಮ ಟೆಂಟ್ ಸಿನಿಮಾಗಳ ಗಾಂಧಿ ಕ್ಲಾಸ್ ಎಂದು ತಿಳಿಯಬೇಡಿ. ವಕೀಲರು, ಪತ್ರಕರ್ತರು, ಅಂಗಡಿಯ ಯಜಮಾನರು, ನಾಟಕದ ಗುಣದೋಷ ಬಲ್ಲೆವೆಂದುಕೊಂಡವರು ಕೂರುತ್ತಿದ್ದ ಜಾಗ ಅದು. ಅದರ ದರ ಮೂರೂವರೆ ಷಿಲಿಂಗಿನಿಂದ ನಾಲ್ಕಕ್ಕೆ ಏರಿತು; ಬಾಕ್ಸುಗಳದು ಆರರಿಂದ ಏಳಕ್ಕೆ. ಷಿಲಿಂಗಿಗೆ 12 ಪೆನ್ಸ್. ಅಂದರೆ ಪಿಟ್ಟಿನವರು ಹೆಚ್ಚಾಗಿ ಕೊಡಬೇಕಾದದ್ದು ಆರು ಪೆನ್ಸ್. ಶೇಕಡಾವಾರು ಲೆಕ್ಕ ಹಾಕಿದರೆ ಸುಮಾರು 14. ಎಲ್ಲಕ್ಕಿಂತ ಮೇಲಿನ ಗ್ಯಾಲರಿಯ ದರವನ್ನು ಮಾಲೀಕರು ಮುಟ್ಟಲಿಲ್ಲ.

ಇಷ್ಟಕ್ಕೇ ಅಷ್ಟು ಗಲಾಟೆಯೇ ಎಂದು ನೀವು ಕೇಳಬಹುದು. ಆರು ಪೆನ್ಸ್ ಒಂದು ನೆಪವೂ ಹೌದು, ನಿಜವೂ ಹೌದು. ಕಟ್ಟಡದ ನಕ್ಷೆಯೇ ಬದಲಾಗಿತ್ತು. ಮೂರನೆಯ ಅಂತಸ್ತಿನ ಬಾಕ್ಸುಗಳನ್ನೆಲ್ಲ ಸಾರ್ವಜನಿಕರಿಂದ ಕಿತ್ತು, ವರ್ಷಕ್ಕೆ 300 ಪೌಂಡು ಬಾಡಿಗೆ ಕೊಡಬಲ್ಲ ಶ್ರೀಮಂತರಿಗೆ ಖಾಸಗಿಯಾಗಿ ಕೊಟ್ಟಿದ್ದರು. ಪ್ರತಿ ಬಾಕ್ಸಿನ ಹಿಂದೆ ಒಂದು ಪುಟ್ಟ ಕೋಣೆ, ಅಲ್ಲಿಗೆ ಹೋಗಲು ಬೇರೆ ಮೆಟ್ಟಿಲು. ಅವರ ಮೇಲೆ, ಛಾವಣಿಗೆ ತಾಗಿದಂತೆ, ಬಡವರ ಗ್ಯಾಲರಿ. ಅದು ಎಷ್ಟು ಎತ್ತರದಲ್ಲಿ, ಎಷ್ಟು ಕಡಿದಾದ ಕೋನದಲ್ಲಿತ್ತೆಂದರೆ ಅಲ್ಲಿ ಕುಳಿತವರಿಗೆ ನಟರ ಕಾಲುಗಳಷ್ಟೇ ಕಾಣುತ್ತವೆಂದು ಜನ ಗೊಣಗಿದರು. ಅದಕ್ಕೆ ‘ಪಾರಿವಾಳದ ಗೂಡು’ ಎಂದು ಹೆಸರಿಟ್ಟರು. ದರ ಏರದಿದ್ದರೂ ನೋಟ ಕಡಿಮೆಯಾದರೆ ಅದೂ ದರ ಏರಿದಂತೆಯೇ ಅಲ್ಲವೇ? ಸಾಲದ್ದಕ್ಕೆ ಇಟಲಿಯ ಗಾಯಕಿ ಕ್ಯಾಟಲಾನಿಯನ್ನು ಭಾರಿ ಸಂಭಾವನೆಗೆ ಗೊತ್ತುಮಾಡಿದ್ದರು.

1809ರ ಸೆಪ್ಟೆಂಬರ್ 18. ಪ್ರಾರಂಭದ ರಾತ್ರಿ. ನಾಟಕ ‘ಮ್ಯಾಕ್‌ಬೆತ್’. ವ್ಯವಸ್ಥಾಪಕ ಜಾನ್ ಫಿಲಿಪ್ ಕೆಂಬಲ್ ತಾನೇ ಮ್ಯಾಕ್‌ಬೆತ್. ಅವನ ಅಕ್ಕ, ಆ ಕಾಲದ ಮಹಾನಟಿ ಸಾರಾ ಸಿಡನ್ಸ್, ಲೇಡಿ ಮ್ಯಾಕ್‌ಬೆತ್. ಅವರ ಒಂದು ಮಾತೂ ಯಾರಿಗೂ ಕೇಳಿಸಲಿಲ್ಲ. ಶಿಳ್ಳೆ, ಕೂಗು, ‘ಹಳೆಯ ದರ! ಹಳೆಯ ದರ!’ ಎಂಬ ಘೋಷಣೆ. ನಟರು ಮೂಕಾಭಿನಯದಂತೆ ನಾಟಕ ಮುಗಿಸಿದರು. ಬಳಿಕ ಮ್ಯಾಜಿಸ್ಟ್ರೇಟರು ವೇದಿಕೆಗೆ ಬಂದು ಗಲಭೆ ಕಾಯಿದೆಯನ್ನು ಓದಿದರು. ಅದನ್ನು ಓದಿದ ಒಂದು ಗಂಟೆಯೊಳಗೆ ಗುಂಪು ಚದುರಬೇಕು. ಚದುರದಿದ್ದರೆ ಘೋರ ಅಪರಾಧ. ಜನ ಆ ಓದನ್ನೂ ಕೂಗಿ ಮುಳುಗಿಸಿದರು. ಮಧ್ಯರಾತ್ರಿ ದಾಟುವವರೆಗೂ ಕದಲಲಿಲ್ಲ.

ಮುಂದಿನ ರಾತ್ರಿಗಳಲ್ಲಿ ಪ್ರೇಕ್ಷಕರು ಪೂರ್ವಸಿದ್ಧತೆಯೊಂದಿಗೆ ಬಂದರು. ಗಂಟೆ, ಕಹಳೆ, ಗಿಲಕಿ, ಬಟ್ಟೆಯ ಮೇಲೆ ಬರೆದ ಘೋಷಣೆಗಳು. ‘ಹಳೆಯ ದರ’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳಾದ ‘ಓ.ಪಿ.’ಯನ್ನು ಟೋಪಿಗೆ, ಕೋಟಿಗೆ ಚುಚ್ಚಿಕೊಂಡರು. ಕೆಂಬಲ್‌ನನ್ನು ಅಣಕಿಸುವ ಪದಕಗಳು ಮಾರಾಟವಾದವು. ಪಾರಿವಾಳದ ಗೂಡನ್ನು ನೆನಪಿಸಲು ಯಾರೋ ನಿಜವಾದ ಪಾರಿವಾಳಗಳನ್ನೇ ಹಾರಿಬಿಟ್ಟರು. ಬೆಂಚುಗಳ ಮೇಲೆ ಓಟದ ಪಂದ್ಯ, ಹುಸಿ ಜಗಳ, ಕೊನೆಗೆ ಕೋಲು ಕುಟ್ಟುತ್ತ ಕಾಲಪ್ಪಳಿಸುವ ‘ಓ.ಪಿ. ಕುಣಿತ’. ಮೂರನೆಯ ಅಂಕದ ನಂತರ ಬಂದವರಿಗೆ ಅರ್ಧ ದರವೆಂಬ ಪದ್ಧತಿಯಿತ್ತು. ಹಲವರು ಅರ್ಧ ದರ ತೆತ್ತು ಬರುತ್ತಿದ್ದುದು ಕೆಂಬಲ್‌ನನ್ನು ನೋಡಲಲ್ಲ, ಪಿಟ್ಟನ್ನು ನೋಡಲು!

ಇದು ಸಾಧ್ಯವಾದದ್ದಕ್ಕೆ ಬೆಳಕೂ ಒಂದು ಕಾರಣ. ಇಂದು ತೆರೆ ಏಳುತ್ತಲೇ ಸಭಾಂಗಣದ ದೀಪ ಆರುತ್ತದೆ. ಪಕ್ಕದವರ ಮುಖ ಕಾಣದು. 1809ರಲ್ಲಿ ನಾಟಕದುದ್ದಕ್ಕೂ ಸಭಾಂಗಣದಲ್ಲಿ ದೀಪಗಳು ಉರಿಯುತ್ತಿದ್ದವು. ಪ್ರೇಕ್ಷಕರಿಗೆ ನಟರಷ್ಟೇ ಚೆನ್ನಾಗಿ ಪ್ರೇಕ್ಷಕರೂ ಕಾಣುತ್ತಿದ್ದರು. ನಮ್ಮ ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಎಂದು ಕೂಗಿ ಹಾಡನ್ನು ಮತ್ತೆ ಹಾಡಿಸುತ್ತಿದ್ದುದನ್ನು ನಿಮ್ಮ ಅಜ್ಜನನ್ನು ಕೇಳಿ ನೋಡಿ. ನೋಡುವವರಿಗೂ ಆಟದಲ್ಲಿ ಪಾಲಿದೆ ಎಂಬ ಭಾವನೆ ಎರಡು ಕಡೆಯೂ ಒಂದೇ. ಮುಖ ಕಾಣದ ವೀಕ್ಷಕರಿಗಾಗಿ ಕಾರ್ಯಕ್ರಮ ತಯಾರಿಸುವ ನನ್ನಂಥವನಿಗೆ ಇದು ಹೊಟ್ಟೆಕಿಚ್ಚಿನ ಸಂಗತಿ.

ಕೆಂಬಲ್ ಮೊದಲು ಲೆಕ್ಕಪತ್ರದ ದಾರಿ ಹಿಡಿದ. ಕ್ಯಾಟಲಾನಿಯ ಒಪ್ಪಂದ ರದ್ದಾಯಿತೆಂದು ಸಾರಿ, ರಂಗಮಂದಿರವನ್ನು ಕೆಲವು ದಿನ ಮುಚ್ಚಿ, ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಸೇರಿದಂತೆ ಗಣ್ಯರ ಸಮಿತಿಯೊಂದಕ್ಕೆ ಲೆಕ್ಕ ಒಪ್ಪಿಸಿದ. ಆರು ವರ್ಷಗಳ ಸರಾಸರಿ ಲಾಭ ಶೇಕಡಾ ಆರೂ ಚಿಲ್ಲರೆ ಎಂದು ಸಮಿತಿ ಹೇಳಿತು. ವಿಜ್ಞಾನ ಓದಿದ ನನಗೆ ಅಂಕಿಗಳ ಮೇಲೆ ಸ್ವಲ್ಪ ಒಲವು ಹೆಚ್ಚು. ಮಾಲೀಕರ ವಾದದಲ್ಲಿ ಹುರುಳಿತ್ತೆಂದೇ ನನ್ನ ಅನಿಸಿಕೆ. ಕಟ್ಟಡಕ್ಕೆ ಒಂದೂವರೆ ಲಕ್ಷ ಪೌಂಡು ತಗುಲಿತೆಂದು ಅವರು ಹೇಳುತ್ತಿದ್ದರು. ಯುದ್ಧದ ದಿನಗಳಲ್ಲಿ ಎಲ್ಲದರ ಬೆಲೆಯೂ ಏರಿತ್ತು. ಜನ ಪವಿತ್ರವೆಂದು ಹೊತ್ತು ಮೆರೆಸಿದ ‘ಹಳೆಯ ದರ’ಕ್ಕೆ ಆಗಿದ್ದದ್ದು ಹದಿನೇಳೇ ವರ್ಷ, 1792ರಲ್ಲಿ ಅದೂ ಒಂದು ಏರಿಕೆಯಾಗಿಯೇ ಬಂದಿತ್ತು. ಆದರೆ ಸಮಿತಿಯನ್ನು ಆರಿಸಿದವರು ಮಾಲೀಕರೇ ಆದ್ದರಿಂದ ಜನ ಅದರ ವರದಿಯನ್ನು ನಂಬಲಿಲ್ಲ. ಬೇರೆ ಯಾರೂ ಮಾರಬಾರದೆಂಬ ಸನ್ನದು ಕೈಯಲ್ಲಿದ್ದವನು, ನನ್ನ ಸರಕಿಗೆ ನಾನೇ ಬೆಲೆ ಕಟ್ಟುತ್ತೇನೆ ಎನ್ನುವಂತಿಲ್ಲ ಎಂಬುದು ಅವರ ವಾದ. ಈ ವಾದವನ್ನು ಯಾವ ಲೆಕ್ಕಪತ್ರವೂ ಮುಟ್ಟಲಿಲ್ಲ.

ಅಕ್ಟೋಬರಿನಲ್ಲಿ ಮಾಲೀಕರು ಎರಡನೆಯ ದಾರಿ ಹಿಡಿದರು. ಹಿಂದೊಮ್ಮೆ ಮುಷ್ಟಿಯುದ್ಧದ ಚಾಂಪಿಯನ್ ಆಗಿದ್ದ ಡೇನಿಯಲ್ ಮೆಂಡೋಜ ಮತ್ತು ಅವನ ಸಂಗಡಿಗರನ್ನು ಪಿಟ್ಟಿನೊಳಗೆ ಬಿಟ್ಟರು. ಹೊಡೆದಾಟವಾಯಿತು. ಇಲ್ಲಿ ಜನರ ಪಕ್ಷದ ಇನ್ನೊಂದು ಮುಖವೂ ಕಾಣಿಸುತ್ತದೆ. ಮೆಂಡೋಜ ಯೆಹೂದಿ, ಅವನ ನೆಪದಲ್ಲಿ ಇಡೀ ಯೆಹೂದಿ ಸಮುದಾಯವನ್ನು ಹಳಿಯುವ ಬರಹಗಳು ಮೇಲೆದ್ದವು. ಕ್ಯಾಟಲಾನಿಯ ವಿಷಯದಲ್ಲಿಯೂ ಸಂಬಳಕ್ಕಿಂತ ಅವಳು ಪರದೇಶದವಳೆಂಬುದೇ ಹಲವರಿಗೆ ದೊಡ್ಡದಾಗಿತ್ತು. ಈ ಕಥೆಯನ್ನು ಬರೀ ತಮಾಷೆಯಾಗಿ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ.

ಮೂರನೆಯ ದಾರಿ ನ್ಯಾಯಾಲಯದ್ದು. ಹೆನ್ರಿ ಕ್ಲಿಫರ್ಡ್ ಎಂಬ ಬ್ಯಾರಿಸ್ಟರ್ ಅಕ್ಟೋಬರ್ 31ರಂದು ಟೋಪಿಗೆ ‘ಓ.ಪಿ.’ ಸಿಕ್ಕಿಸಿಕೊಂಡು ಬಂದ. ಬಾಕ್ಸುಗಳ ಉಸ್ತುವಾರಿ ನೋಡುತ್ತಿದ್ದ ಬ್ರಾಂಡನ್ ಅವನನ್ನು ಹಿಡಿಸಿದ. ಮ್ಯಾಜಿಸ್ಟ್ರೇಟರು ಬಿಟ್ಟುಬಿಟ್ಟರು. ಕ್ಲಿಫರ್ಡ್ ಸುಮ್ಮನಿರದೆ, ಅಕ್ರಮವಾಗಿ ಬಂಧಿಸಿದನೆಂದು ಬ್ರಾಂಡನ್ ಮೇಲೆ ದಾವೆ ಹೂಡಿದ. ಪ್ರೇಕ್ಷಕರು ಮೆಚ್ಚಬಹುದು, ಮೂದಲಿಸಬಹುದು, ಆದರೆ ಕೂಡಿಕೊಂಡು ನಾಟಕವನ್ನೇ ನಿಲ್ಲಿಸಿದರೆ ಅದು ಗಲಭೆ ಎಂಬುದು ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡರ ಅಭಿಪ್ರಾಯ. ಹೀಗಿದ್ದೂ ಡಿಸೆಂಬರ್ 5ರಂದು ಜ್ಯೂರಿ ಕ್ಲಿಫರ್ಡನ ಪರ ನಿಂತಿತು. ಐದು ಪೌಂಡು ಪರಿಹಾರ. ಮೊತ್ತ ಸಣ್ಣದು, ಆದರೆ ಕೆಂಬಲ್‌ಗೆ ಆಟ ಮುಗಿದದ್ದು ಅರ್ಥವಾಯಿತು.

ಡಿಸೆಂಬರ್ 14ರಂದು ಓ.ಪಿ. ಪಕ್ಷದವರು ಹೋಟೆಲೊಂದರಲ್ಲಿ ಔತಣ ಏರ್ಪಡಿಸಿದರು. ಅಲ್ಲಿಗೆ ಕೆಂಬಲ್ ತಾನೇ ನಡೆದು ಬಂದ. ಪಿಟ್ಟಿನ ದರ ಮತ್ತೆ ಮೂರೂವರೆ ಷಿಲಿಂಗು, ಬಾಕ್ಸುಗಳದು ಏಳೇ ಇರಲಿ, ಖಾಸಗಿ ಬಾಕ್ಸುಗಳನ್ನು ಕಡಿಮೆ ಮಾಡಬೇಕು, ಮೊಕದ್ದಮೆಗಳನ್ನೆಲ್ಲ ಕೈಬಿಡಬೇಕು. ಮರುರಾತ್ರಿ ಅವನು ವೇದಿಕೆಯ ಮೇಲೆ ಕ್ಷಮೆ ಕೇಳಿದ. ಬ್ರಾಂಡನ್ನನ ಕೆಲಸವೂ ಹೋಗಬೇಕೆಂದು ಜನ ಹಟ ಹಿಡಿದು ಅದನ್ನೂ ಸಾಧಿಸಿಕೊಂಡರು. ‘ನಮಗೆ ತೃಪ್ತಿಯಾಗಿದೆ’ ಎಂಬ ಫಲಕ ಮೇಲೇರಿತು. ಅಲ್ಲಿಗೆ 67 ರಾತ್ರಿ.

ಗಮನಿಸಿ: ಪಿಟ್ಟಿನ ಬೆಂಚುಗಳಿಗೆ ಸಂಖ್ಯೆಯಿರಲಿಲ್ಲ. ಮೊದಲು ಬಂದವನದು ಮೊದಲ ಸಾಲು. ಅಲ್ಲಿ ಬ್ಲ್ಯಾಕ್ ಟಿಕೆಟ್ಟಿಗೆ ಅವಕಾಶವೆಲ್ಲಿ? ಮುಂಗಡವಾಗಿ ಜಾಗ ಕಾದಿರಿಸುವ ಪದ್ಧತಿ ಬೆಳೆದಂತೆ ಮರುಮಾರಾಟವೂ ಬೆಳೆಯಿತು. ಲಂಡನ್ನಿನ ಬಾಂಡ್ ಸ್ಟ್ರೀಟಿನಲ್ಲಿ ಜಾನ್ ಮಿಚೆಲ್‌ನಂಥ ಪುಸ್ತಕ ವ್ಯಾಪಾರಿಗಳು ಒಳ್ಳೆಯ ಜಾಗಗಳನ್ನು ಮೊದಲೇ ಕೊಂಡು ಹೆಚ್ಚಿನ ಬೆಲೆಗೆ ಮಾರತೊಡಗಿದರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1867ರಲ್ಲಿ ತನ್ನ ಕೃತಿಗಳನ್ನು ಓದಿ ಹೇಳಲು ಅಮೆರಿಕಕ್ಕೆ ಹೋದಾಗ ಜನ ಇಡೀ ರಾತ್ರಿ ಸರದಿಯಲ್ಲಿ ಕಾದರು. ಎರಡು ಡಾಲರಿನ ಟಿಕೆಟ್ಟನ್ನು ದಲ್ಲಾಳಿಗಳು ಹಲವು ಪಟ್ಟು ಬೆಲೆಗೆ ಮಾರಿದರು. ಸಿಟ್ಟೇನೋ ಇತ್ತು, ಬೈಗುಳವೆಲ್ಲ ವ್ಯವಸ್ಥಾಪಕ ಡಾಲ್ಬಿಯ ಪಾಲಾಯಿತು. ಆದರೆ ಬೆಲೆ ಹೆಚ್ಚಿಸಿದ ದಲ್ಲಾಳಿ ಬೀದಿಯಲ್ಲಿದ್ದ. ಸಭಾಂಗಣದಲ್ಲಿ ಕುಳಿತು ಯಾರನ್ನು ಕೂಗಿ ಕರೆಯುವುದು?

ಪಿಟ್ಟಿನ ಕಥೆ ಏನಾಯಿತೆಂದು ಹೇಳಲೇಬೇಕು. ಎರಡು ಮಂದಿರಗಳ ಏಕಸ್ವಾಮ್ಯ 1843ರ ಕಾಯಿದೆಯಿಂದ ಕೊನೆಗೊಂಡಿತು. 1880ರ ಜನವರಿ 31ರಂದು ಲಂಡನ್ನಿನ ಹೇಮಾರ್ಕೆಟ್ ರಂಗಮಂದಿರ ನವೀಕರಣಗೊಂಡು ತೆರೆಯಿತು. ಅದರ ವ್ಯವಸ್ಥಾಪಕ ಬ್ಯಾಂಕ್ರಾಫ್ಟ್ ಪಿಟ್ಟನ್ನೇ ತೆಗೆದುಹಾಕಿ ಆ ಜಾಗದಲ್ಲಿ ಹತ್ತು ಷಿಲಿಂಗಿನ ಆಸನಗಳನ್ನು ಹಾಕಿಸಿದ್ದ. ತೆರೆ ಏಳುತ್ತಲೇ ‘ಪಿಟ್ ಎಲ್ಲಿ?’ ಎಂಬ ಕೂಗು ಎದ್ದಿತು. ಅದು ನಡೆದದ್ದು ಸುಮಾರು 20 ನಿಮಿಷ. ಆಮೇಲೆ ಜನ ಸುಮ್ಮನಾದರು, ನಾಟಕ ಮುಂದುವರಿಯಿತು. ಅಂದಿನ ನಾಟಕದ ಹೆಸರು ‘ಮನಿ’, ಎಂದರೆ ಹಣ.