ಕಿವಿಯಿಂದ ಕಲಿತ ಡಾಕ್ಟರುಗಳ ಕತೆ

ಪಾಡ್‌ಕಾಸ್ಟ್ ಶುರು ಮಾಡಬೇಕು ಅಂತ ಹೊರಟವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. ಕೇಳುವವರನ್ನು ಎಲ್ಲಿಂದ ತರೋದು? ಸಿನೆಮಾ, ಕ್ರಿಕೆಟ್ಟು, ರಾಜಕೀಯ ಅಂದ್ರೆ ಹೇಗೋ ಜನ ಸೇರ್ತಾರೆ. ಆದರೆ ಒಂದೇ ಒಂದು ಕಸುಬಿನವರಿಗೆ ಮಾತ್ರ ಅರ್ಥವಾಗುವ ವಿಷಯ ಇಟ್ಟುಕೊಂಡವರ ಗತಿ ಏನು? ಈ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದಾಗ ನನಗೆ ಸಿಕ್ಕಿದ್ದು ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದ ಡಾಕ್ಟರುಗಳ ಇತಿಹಾಸ. ನಾನು ಡಾಕ್ಟರಲ್ಲ. ಹಾಗಾಗಿ ಇಲ್ಲಿರುವುದನ್ನು ಇತಿಹಾಸ ಅಂತ ಓದಿ, ಚಿಕಿತ್ಸೆಯ ಸಲಹೆ ಅಂತ ಅಲ್ಲ :)

ಕತೆ ಶುರುವಾಗುವುದು ಇಂಟರ್ನೆಟ್ಟಿಗಿಂತ ಬಹಳ ಹಿಂದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆರ್ರಿ ಪೆಟ್ಟಿಸ್ ಅನ್ನುವವರು 'ಆಡಿಯೋ ಡೈಜೆಸ್ಟ್' ಅನ್ನುವ ಸಂಸ್ಥೆ ಕಟ್ಟಿದರು. ಇವರೂ ಡಾಕ್ಟರಲ್ಲ, ಮುಂದೆ ಅಮೆರಿಕದ ಸಂಸತ್ತಿಗೆ ಆರಿಸಿ ಬಂದವರು. ಅವರು ಗಮನಿಸಿದ್ದು ಸರಳ ಸಂಗತಿ. ವೈದ್ಯಕೀಯ ಪತ್ರಿಕೆಗಳು ರಾಶಿ ರಾಶಿ ಬರುತ್ತವೆ, ಡಾಕ್ಟರಿಗೆ ಕೂತು ಓದಲು ಪುರುಸೊತ್ತಿಲ್ಲ. ಕಣ್ಣು, ಕೈ ಎರಡೂ ಕೆಲಸದಲ್ಲಿವೆ, ಕಿವಿ ಮಾತ್ರ ಖಾಲಿ ಇದೆ! ಹಾಗಾಗಿ ಲೇಖನಗಳ ಸಾರಾಂಶವನ್ನು ಟೇಪಿಗೆ ಓದಿಸಿ ಚಂದಾದಾರರಿಗೆ ಕಳಿಸುವ ಕೆಲಸ ಶುರುವಾಯಿತು. ಆಗಿನದು ದೊಡ್ಡ ಚಕ್ರಗಳ ಟೇಪ್ ರೆಕಾರ್ಡರ್. 1963ರಲ್ಲಿ ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ ತಂದ ಮೇಲೆ, ಕಾರಿನಲ್ಲಿ ಆಸ್ಪತ್ರೆಗೆ ಹೋಗುತ್ತಾ ಪಾಠ ಕೇಳುವುದು ನಿಜವಾಗಿಯೂ ಸುಲಭವಾಯಿತು.

ಹೆಚ್ಚುಕಮ್ಮಿ ಇದೇ ಕಾಲಕ್ಕೆ ಒಂದು ಹೊಸ ಕಸುಬು ಹುಟ್ಟುತ್ತಿತ್ತು. ಅಲ್ಲಿಯವರೆಗೆ ಎಮರ್ಜೆನ್ಸಿ ಕೋಣೆ ಅಂದರೆ ಯಾರಿಗೆ ಡ್ಯೂಟಿ ಬಿದ್ದಿದೆಯೋ ಅವರು ನೋಡಿಕೊಳ್ಳುವ ಜಾಗ. ಇದಕ್ಕೇ ಅಂತ ಓದಿದವರು ಯಾರೂ ಇರಲಿಲ್ಲ. 1968ರಲ್ಲಿ ಅಮೆರಿಕದ ಎಮರ್ಜೆನ್ಸಿ ವೈದ್ಯರು ತಮ್ಮದೇ ಸಂಘ ಕಟ್ಟಿಕೊಂಡರು. 1979ರಲ್ಲಿ ಅದಕ್ಕೆ ಪ್ರತ್ಯೇಕ ತಜ್ಞ ವಿಭಾಗದ ಮಾನ್ಯತೆ ಸಿಕ್ಕಿತು. ಈ ಹೊಸ ಕಸುಬಿನವರ ಕಷ್ಟ ಬೇರೆಯೇ. ಹೃದಯಾಘಾತ, ಹಾವು ಕಡಿತ, ರಸ್ತೆ ಅಪಘಾತ ಎಲ್ಲವೂ ಅವರ ಬಾಗಿಲಿಗೇ ಬರುತ್ತವೆ. ರಾತ್ರಿ ಪಾಳಿಯಲ್ಲಿ 'ಸಾರ್, ಇದಕ್ಕೇನು ಮಾಡೋದು?' ಅಂತ ಕೇಳೋಣ ಅಂದರೆ ಪಕ್ಕದಲ್ಲಿ ಹಿರಿಯರು ಇರುವುದಿಲ್ಲ.

ಆ ಖಾಲಿ ಜಾಗಕ್ಕೆ ಮೊದಲು ಬಂದದ್ದೇ ಕ್ಯಾಸೆಟ್ಟು. ರಿಕ್ ಬುಕಾಟಾ ಮತ್ತು ಜೆರ್ರಿ ಹಾಫ್‌ಮನ್ ಅನ್ನುವ ಇಬ್ಬರು ವೈದ್ಯರು ಎಮರ್ಜೆನ್ಸಿಗೆ ಸಂಬಂಧಪಟ್ಟ ಸಂಶೋಧನಾ ಲೇಖನಗಳನ್ನು ಮುಂದಿಟ್ಟುಕೊಂಡು ಚರ್ಚೆ ಮಾಡಿ, ಅದನ್ನು ಚಂದಾದಾರರಿಗೆ ಮುಟ್ಟಿಸುತ್ತಿದ್ದರು. ಬರೀ ಸಾರಾಂಶ ಓದುವುದಲ್ಲ, 'ಈ ಲೇಖನ ನಂಬಬಹುದಾ?' ಅಂತ ಬಿಡಿಸಿ ನೋಡುವುದು. 2001ರಲ್ಲಿ ಆಸ್ಟ್ರೇಲಿಯಾ ಮೂಲದ ಮೆಲ್ ಹರ್ಬರ್ಟ್ ಲಾಸ್ ಏಂಜಲೀಸಿನಿಂದ 'ಇಎಮ್‌ರ‍್ಯಾಪ್' ಅನ್ನುವ ತಿಂಗಳ ಧ್ವನಿಪತ್ರಿಕೆ ಶುರು ಮಾಡಿದರು. ಗಮನಿಸಿ, 'ಪಾಡ್‌ಕಾಸ್ಟಿಂಗ್' ಅನ್ನುವ ಪದ ಅಚ್ಚಾದದ್ದೇ 2004ರಲ್ಲಿ, ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯಲ್ಲಿ. 2005ರಲ್ಲಿ ಆಪಲ್ ತನ್ನ ಐಟ್ಯೂನ್ಸಿಗೆ ಪಾಡ್‌ಕಾಸ್ಟ್ ಸೇರಿಸಿತು. ಅಂದರೆ ತಂತ್ರಜ್ಞಾನ ಬಂದು ಕೇಳುಗರನ್ನು ಹುಟ್ಟಿಸಲಿಲ್ಲ. ಕೇಳುಗರು ಮೊದಲೇ ಕಾದು ಕೂತಿದ್ದರು.

2009ರಲ್ಲಿ ನ್ಯೂಯಾರ್ಕಿನ ಸ್ಕಾಟ್ ವೈನ್‌ಗಾರ್ಟ್ 'ಇಎಮ್‌ಕ್ರಿಟ್' ಅನ್ನುವ ಪಾಡ್‌ಕಾಸ್ಟ್ ಶುರು ಮಾಡಿದರು. ಅವರು ಎಮರ್ಜೆನ್ಸಿಯನ್ನೂ ಕಲಿತವರು, ಐಸಿಯುವನ್ನೂ ಕಲಿತವರು. ಅವರ ಧ್ಯೇಯವಾಕ್ಯದ ಭಾವ ಏನಪ್ಪಾ ಅಂದ್ರೆ, ಮೇಲಿನ ಮಹಡಿಯ ಆರೈಕೆಯನ್ನು ಕೆಳಗಿನ ಮಹಡಿಗೆ ತರುವುದು. ಐಸಿಯು ಮೇಲೆ, ಎಮರ್ಜೆನ್ಸಿ ಕೆಳಗೆ. ರೋಗಿ ಸಾಯುವುದೋ ಬದುಕುವುದೋ ಅನ್ನುವುದು ಎಷ್ಟೋ ಸಲ ಮೇಲಕ್ಕೆ ಹೋಗುವ ಮೊದಲೇ ತೀರ್ಮಾನವಾಗಿರುತ್ತದೆ.

ಅವರ ಮೊದಲ ಕಂತಿನ ವಿಷಯವನ್ನೇ ನೋಡಿ. ರಕ್ತದೊತ್ತಡ ದಿಢೀರ್ ಏರಿ, ಶ್ವಾಸಕೋಶದಲ್ಲಿ ನೀರು ತುಂಬಿ, ಏದುಸಿರು ಬಿಡುತ್ತಾ ಬರುವ ರೋಗಿ. ಎಷ್ಟೋ ಕಡೆ ಮೊದಲ ಮದ್ದು ಲಾಸಿಕ್ಸ್, ಅಂದರೆ ಮೂತ್ರದ ಮೂಲಕ ನೀರು ಇಳಿಸುವ ಔಷಧ. ವೈನ್‌ಗಾರ್ಟ್ ಹೇಳಿದ್ದು, ಮೊದಲು ಬಿಗಿಯಾಗಿ ಮುಖಕ್ಕೆ ಕೂರುವ ಮಾಸ್ಕಿನಿಂದ ಒತ್ತಡದ ಗಾಳಿ ಕೊಡಿ, ರಕ್ತನಾಳ ಸಡಿಲಿಸುವ ನೈಟ್ರೋಗ್ಲಿಸರಿನ್ ದೊಡ್ಡ ಪ್ರಮಾಣದಲ್ಲಿ ಕೊಡಿ ಅಂತ.

ಇದು ಅವರು ಕನಸು ಕಂಡು ಹೇಳಿದ ಮಾತೇನಲ್ಲ. 1998ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಸ್ರೇಲಿನ ವೈದ್ಯರ ಒಂದು ಅಧ್ಯಯನ ಬಂದಿತ್ತು. ಶ್ವಾಸಕೋಶದಲ್ಲಿ ನೀರು ತುಂಬಿದ್ದ 52 ಜನರಿಗೆ ಇದೇ ನೈಟ್ರೇಟ್ ಜಾತಿಯ ಔಷಧ ಹೆಚ್ಚು, ಲಾಸಿಕ್ಸ್ ಜಾತಿಯದು ಕಡಿಮೆ. ಇನ್ನು 52 ಜನರಿಗೆ ಅದರ ಉಲ್ಟಾ. ಮೊದಲ ಗುಂಪಿನಲ್ಲಿ ವೆಂಟಿಲೇಟರ್ ಬೇಕಾದವರು 7, ಎರಡನೆಯದರಲ್ಲಿ 21. ಅಚ್ಚಾಗಿ ಹನ್ನೊಂದು ವರ್ಷ ಆದ ಮೇಲೂ ಒಬ್ಬರು ಮೈಕ್ ಹಿಡಿದು ಕೂತು ಇದನ್ನು ಬಿಡಿಸಿ ಹೇಳಬೇಕಾಯಿತು! ಅಚ್ಚಾಗುವುದು ಬೇರೆ, ಕೆಲಸ ಮಾಡುವವರ ಕೈಗೆ ಇಳಿಯುವುದು ಬೇರೆ. ಆ ನಡುವಿನ ಕಂದಕದಲ್ಲಿ ಬೀಳುವುದು ಉಸಿರಿಗೆ ಒದ್ದಾಡುವ ರೋಗಿ.

ಇಷ್ಟಕ್ಕೂ ಕೇಳುಗರು ಸೇರಿದ್ದು ಹೇಗೆ? ನನಗೆ ಕಂಡ ಕಾರಣಗಳು ಇವು. ಒಂದು, ಎಲ್ಲರಿಗೂ ಅರ್ಥವಾಗಲಿ ಅಂತ ಅವರು ವಿಷಯವನ್ನು ತೆಳು ಮಾಡಲಿಲ್ಲ. ಪಾಳಿ ಮುಗಿಸಿದ ಡಾಕ್ಟರು ಇನ್ನೊಬ್ಬ ಡಾಕ್ಟರ ಹತ್ತಿರ ಕಾಫಿ ಕುಡಿಯುತ್ತಾ ಮಾತಾಡುವ ಹಾಗೆ ಮಾತಾಡಿದರು. ಎರಡು, ಪ್ರತಿ ಕಂತಿನ ಜೊತೆ ಯಾವ ಲೇಖನದ ಆಧಾರದಲ್ಲಿ ಮಾತಾಡಿದ್ದು ಅಂತ ಪಟ್ಟಿ ಕೊಟ್ಟರು. ಅನುಮಾನ ಇದ್ದವರು ಹೋಗಿ ನೋಡಬಹುದು, ಜಗಳಕ್ಕೂ ಬರಬಹುದು. ಮೂರು, ಕೇಳಿದ್ದು ಮುಂದಿನ ಪಾಳಿಯಲ್ಲೇ ಕೆಲಸಕ್ಕೆ ಬರುತ್ತಿತ್ತು. ಕೆಲಸಕ್ಕೆ ಬಂದ ಮಾತನ್ನು ಮನುಷ್ಯ ಪಕ್ಕದವನಿಗೆ ಹೇಳದೇ ಇರಲಾರ. ಇದಕ್ಕಿಂತ ದೊಡ್ಡ ಜಾಹೀರಾತು ಯಾವುದಿದೆ?

2012ರಲ್ಲಿ ಡಬ್ಲಿನ್ನಿನಲ್ಲಿ ಒಂದು ಸಮ್ಮೇಳನದ ಹೊತ್ತಿಗೆ, ಪಬ್ಬಿನಲ್ಲಿ ಗಿನ್ನೆಸ್ ಕುಡಿಯುತ್ತಾ ಆಸ್ಟ್ರೇಲಿಯಾದ ವೈದ್ಯ ಮೈಕ್ ಕ್ಯಾಡೋಗನ್ ಈ ಎಲ್ಲಕ್ಕೂ ಒಂದು ಹೆಸರಿಟ್ಟರು: 'ಫೋಮ್', ಎಲ್ಲರಿಗೂ ತೆರೆದ ಉಚಿತ ವೈದ್ಯಕೀಯ ಶಿಕ್ಷಣ. ಗಿನ್ನೆಸ್ ಲೋಟದ ನೊರೆಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಮಾರನೇ ವರ್ಷ, 2013ರಲ್ಲಿ, ಸಿಡ್ನಿಯಲ್ಲಿ 'ಸ್ಮ್ಯಾಕ್' ಅನ್ನುವ ಸಮ್ಮೇಳನ ನಡೆದು, ಅಲ್ಲಿಯವರೆಗೆ ಬರೀ ದನಿಯಾಗಿದ್ದವರು ಮುಖಾಮುಖಿಯಾದರು. 'ಸಂಪದ'ದ ಕಾಲದಲ್ಲಿ ಹೆಸರು ಮಾತ್ರ ಗೊತ್ತಿದ್ದವರು ಮೊದಲ ಸಲ ಎದುರಾದಾಗಿನ ಖುಷಿ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದರಲ್ಲಿ ನಮ್ಮದೂ ಒಂದು ಎಳೆ ಇದೆ. ಭಾರತೀಯ ವೈದ್ಯಕೀಯ ಮಂಡಳಿ ಎಮರ್ಜೆನ್ಸಿ ಮೆಡಿಸಿನ್ನನ್ನು ಪ್ರತ್ಯೇಕ ವಿಷಯವಾಗಿ ಮಾನ್ಯ ಮಾಡಿದ್ದು 2009ರಲ್ಲೇ, ಇಎಮ್‌ಕ್ರಿಟ್ ಹುಟ್ಟಿದ ವರ್ಷವೇ. ಅಮೆರಿಕಕ್ಕಿಂತ ಮೂವತ್ತು ವರ್ಷ ತಡ. ವಿಭಾಗ ಹೊಸದು ಅಂದಮೇಲೆ ಅದೇ ವಿಷಯ ಓದಿ ಬಂದ ಹಿರಿಯ ಮೇಷ್ಟ್ರುಗಳು ಎಲ್ಲಿಂದ ಬರಬೇಕು? ಅಂಥ ಹೊತ್ತಲ್ಲಿ ನ್ಯೂಯಾರ್ಕು, ಸಿಡ್ನಿಯ ಪಾಠ ಇಲ್ಲಿ ಕೂತವರ ಕಿವಿಗೂ ದುಡ್ಡಿಲ್ಲದೆ ಸಿಗುವುದು ಸಣ್ಣ ಮಾತಲ್ಲ.

ಆದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಒಳ್ಳೆಯ ದನಿಗೆ ಒಂದು ಅಪಾಯ ಇದೆ, ಅದು ನಂಬಿಸಿಬಿಡುತ್ತದೆ. 2017ರಲ್ಲಿ, ರಕ್ತದ ಸೋಂಕಿಗೆ ವಿಟಮಿನ್ ಸಿ, ಥಯಾಮಿನ್, ಸ್ಟೆರಾಯ್ಡ್ ಮೂರನ್ನೂ ಸೇರಿಸಿ ಕೊಟ್ಟರೆ ಅದ್ಭುತ ಫಲ ಅಂತ ಒಂದೇ ಆಸ್ಪತ್ರೆಯ ವರದಿ ಬಂತು. ಚಿಕಿತ್ಸೆ ಪಡೆದ 47 ಜನರನ್ನು ಹಿಂದಿನ 47 ಜನರ ಜೊತೆ ಹೋಲಿಸಿದ್ದು, ಅಷ್ಟೇ. ಸುದ್ದಿ ಇದೇ ವೇಗದ ದಾರಿಯಲ್ಲಿ ಲೋಕವೆಲ್ಲ ಹಬ್ಬಿತು. 2020ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್‌ಗಳಲ್ಲಿ ಸರಿಯಾಗಿ ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ. 2022ರ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಂತೂ ವಿಟಮಿನ್ ಸಿ ಪಡೆದವರ ಸ್ಥಿತಿಯೇ ಕೆಟ್ಟದಾಗಿತ್ತು. ಹನ್ನೊಂದು ವರ್ಷ ಕಾಯುವುದೂ ಕಷ್ಟ, ಹನ್ನೊಂದು ದಿನದಲ್ಲಿ ನಂಬುವುದೂ ಕಷ್ಟ. ಹಾಗಾಗಿಯೇ ಆ ಎರಡನೇ ಕಾರಣ, ಅಂದರೆ ಆಧಾರ ಕೊಟ್ಟು ಜಗಳಕ್ಕೆ ಬಾಗಿಲು ತೆರೆದಿಡುವುದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತೆ. ಕೇಳುಗರನ್ನು ಸೇರಿಸುವುದಕ್ಕಿಂತ ಸೇರಿದವರ ನಂಬಿಕೆಗೆ ತಕ್ಕವರಾಗಿರುವುದು ದೊಡ್ಡ ಕೆಲಸ.

ಬ್ಲಾಗು ಬರೆಯುವ ನಮಗೆ ಹಿಟ್ ಕೌಂಟರ್ ನೋಡುವ ಚಟ ಹೊಸದಲ್ಲ. ನಲವತ್ತೇ ಜನ ಓದಿದರು ಅಂತ ಬೇಜಾರಾಗುತ್ತೇವೆ. ಆ ನಲವತ್ತೂ ಜನ ಒಂದೇ ಕಸುಬಿನವರಾಗಿ, ಅವರಿಗೆ ಬೇರೆಲ್ಲೂ ಸಿಗದ್ದು ನಮ್ಮಲ್ಲಿ ಸಿಕ್ಕಿದ್ದರೆ, ಅದು ಸಣ್ಣ ಸಭೆಯಲ್ಲ. ಕನ್ನಡದಲ್ಲಿ ಲೈನ್‌ಮನ್‌ಗಳಿಗೆ, ಪಶುವೈದ್ಯರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಬೋರ್‌ವೆಲ್ ಕೊರೆಯುವವರಿಗೆ ಅವರದೇ ಕೆಲಸದ ಬಗ್ಗೆ ಅವರದೇ ಮಾತಿನಲ್ಲಿ ಹೇಳುವ ದನಿ ಬೇಡವೇ? ಅವರ ಕಿವಿಯೂ ಖಾಲಿಯೇ ಇದೆ. ನಿಮಗೆ ಯಾವ ಕಸುಬಿನ ಒಳಗು ಗೊತ್ತಿದೆ ಹೇಳಿ, ನೋಡೋಣ.